ಸೇಬಿನ ಗಾಣಕ್ಕೆ ಬಂದ ತೆರಿಗೆಯವರು

ಅಕ್ಟೋಬರ್ ಬಂತೆಂದರೆ ಇಂಗ್ಲೆಂಡಿನ ಎಷ್ಟೋ ಹಳ್ಳಿಗಳಲ್ಲಿ ಜನ ಹಿತ್ತಿಲ ಸೇಬನ್ನು ಚೀಲಗಟ್ಟಲೆ ಒಂದೆಡೆ ತಂದು ಸುರಿಯುತ್ತಾರೆ. ತೊಳೆದು, ಕೊಳೆತದ್ದನ್ನು ಕೆತ್ತಿ, ತರಿತರಿಯಾಗಿ ಅರೆಯುತ್ತಾರೆ. ಆ ತರಿಯನ್ನು ಬಟ್ಟೆಯಲ್ಲಿ ಮಡಚಿ, ಮರದ ಪಟ್ಟಿಗಳ ನಡುವೆ ಪೇರಿಸಿ, ಇಬ್ಬರು ಸೇರಿ ತಿರುಪು ಬಿಗಿದರೆ ರಸ ಧಾರೆಯಾಗುತ್ತದೆ. ನೋಡುನೋಡುತ್ತಲೇ ಕಂದಾಗುತ್ತದೆ. ಡಬ್ಬಿಯ ಹೊಂಬಣ್ಣದ ರಸ ಕುಡಿದು ಬೆಳೆದವರು ಇದು ಕೆಟ್ಟಿದೆಯೆಂದೇ ಅಂದುಕೊಂಡಾರು.

ಹಿಂದೆ ಈ ರಸ ಹೆಚ್ಚಾಗಿ ಪೀಪಾಯಿಯಲ್ಲಿ ಹುದುಗಿ ಸೈಡರ್ ಆಗುತ್ತಿತ್ತು. ಹೆರಿಫರ್ಡ್‌ಶೈರ್, ಡೆವನ್ ಕಡೆ ಆಳುಗಳ ಕೂಲಿಯಲ್ಲೂ ಅದಕ್ಕೊಂದು ಪಾಲು. ದುಂಡನೆಯ ಕಲ್ಲುತೊಟ್ಟಿಯಲ್ಲಿ ಕಲ್ಲಿನ ಗಾಲಿ ಉರುಳಿಸುತ್ತ ಕುದುರೆ ಸುತ್ತುತ್ತಿತ್ತು, ನಮ್ಮ ಗಾಣದ ಎತ್ತಿನ ಹಾಗೆ.

ಈ ಗಾಣದ ಮೇಲೆ 1763ರಲ್ಲಿ ಸರ್ಕಾರದ ಕಣ್ಣು ಬಿತ್ತು. ಏಳು ವರ್ಷಗಳ ಯುದ್ಧದ ಸಾಲ ತಲೆಯ ಮೇಲಿತ್ತು. ಖಜಾನೆ ನೋಡಿಕೊಳ್ಳುತ್ತಿದ್ದವನು ಸರ್ ಫ್ರಾನ್ಸಿಸ್ ಡ್ಯಾಶ್‌ವುಡ್. ಮೋಜಿನ ಕೂಟಗಳಿಗೆ ಹೆಸರಾದ, ಲೆಕ್ಕಪತ್ರದಲ್ಲಿ ನಗೆಪಾಟಲಾದ ಆಸಾಮಿ. ಪೀಪಾಯಿಗೆ 4 ಶಿಲ್ಲಿಂಗ್ ತೆರಿಗೆ ಜಡಿದ, ಅದೂ ತಯಾರಿಸುವವರ ಮೇಲೆ. ಮನೆಮಟ್ಟಿಗೆ ಹಿಂಡಿಕೊಳ್ಳುವವರಲ್ಲೂ ಹಲವರು ಅದರ ಬಲೆಗೆ ಬಿದ್ದರು! ದುಡ್ಡಿಗಿಂತ ಹೆಚ್ಚಾಗಿ ಜನರನ್ನು ಕೆರಳಿಸಿದ್ದು ಅಬಕಾರಿಯವರು ಮನೆಯೊಳಗೇ ಕಾಲಿಡುತ್ತಾರೆಂಬುದು. ಬಡವನ ಗುಡಿಸಲಿಗೆ ಗಾಳಿಮಳೆ ನುಗ್ಗೀತು, ದೊರೆ ನುಗ್ಗುವಂತಿಲ್ಲ ಎಂದು ಸಂಸದ ವಿಲಿಯಂ ಪಿಟ್ ಗುಡುಗಿದ್ದು ಈ ಜಗಳದಲ್ಲೇ ಎನ್ನುತ್ತಾರೆ. ಗದ್ದಲದ ನಡುವೆ, ಏಪ್ರಿಲ್‌ನಲ್ಲಿ, ಪ್ರಧಾನಿ ಬ್ಯೂಟ್ ಕುರ್ಚಿ ಬಿಟ್ಟ. 1766ರಲ್ಲಿ ಆ ಕಾನೂನೂ ಹೋಯಿತು.

ಅಬಕಾರಿಯವರನ್ನು ಅಟ್ಟಿದ ತೋಟಗಳು ಕೊನೆಗೆ ಸೋತದ್ದು ಸಹಾಯಧನಕ್ಕೆ. ಇಪ್ಪತ್ತನೇ ಶತಮಾನದಲ್ಲಿ ಹಳೆಯ ಮರಗಳನ್ನು ಕೀಳಿಸಲು ಸರ್ಕಾರವೇ ದುಡ್ಡು ಕೊಟ್ಟಿತು. ಸೂಪರ್‌ಮಾರ್ಕೆಟ್ಟಿಗೆ ಒಂದೇ ಗಾತ್ರದ, ಕಲೆಯಿಲ್ಲದ ಹಣ್ಣೇ ಬೇಕು. ಸೊಟ್ಟಗಿನ, ಚುಕ್ಕೆಯ ಹಣ್ಣು ಕೇಳುವವರಿಲ್ಲ. ಎಷ್ಟೋ ತೋಟ ನಿವೇಶನಗಳಾದವು. ಇದರ ವಿರುದ್ಧ ಪಿಟ್ಟನಂತೆ ಗುಡುಗಿದವರು ಯಾರೂ ಇಲ್ಲದ್ದು ನನಗೆ ಇಂದಿಗೂ ಸಿಟ್ಟಿನ ಸಂಗತಿ.

ಇಂಥ ತೋಟಗಳನ್ನು ಉಳಿಸಬೇಕೆಂದು 'ಕಾಮನ್ ಗ್ರೌಂಡ್' ಎಂಬ ಸಂಸ್ಥೆ 1990ರ ಅಕ್ಟೋಬರ್ 21ರಂದು ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ 'ಆಪಲ್ ಡೇ' ಎಂಬ ಸೇಬಿನ ಹಬ್ಬ ನಡೆಸಿತು. ಹಣ್ಣುಹಂಪಲಿನ ಸಗಟು ಮಾರುಕಟ್ಟೆ ಅಲ್ಲಿಂದ ಎತ್ತಂಗಡಿಯಾಗಿ ಹದಿನಾರು ವರ್ಷಗಳಾಗಿದ್ದವು. ಆಮೇಲೆ ಊರೂರಿನವರು ಆ ಹಬ್ಬವನ್ನು ತಮ್ಮದಾಗಿಸಿಕೊಂಡರು. ಕೊಟ್ಟಿಗೆಯ ಹಳೇ ಗಾಣಗಳು ಹೊರಬಂದವು, ಇಲ್ಲದ ಕಡೆ ಚಂದಾ ಎತ್ತಿ ಹೊಸದು ತಂದರು.

ಈಗ ಹುದುಗಿಸುವ ಹಂಗಿಲ್ಲ. ಬಾಟಲಿಗೆ ತುಂಬಿ 70 ಡಿಗ್ರಿ ದಾಟಿಸಿ ಕಾಯಿಸಿದರೆ ರಸ ತಿಂಗಳುಗಟ್ಟಲೆ ಉಳಿಯುತ್ತದೆ. ಅಡುಗೆಗೆ ಬಳಸುವ ಹುಳಿ ಬ್ರ್ಯಾಮ್ಲಿಯ ಜೊತೆ ಸಿಹಿ ಸೇಬು ಬೆರೆಸಿದರೆ ರುಚಿ ಹದಕ್ಕೆ ಬರುತ್ತದೆ. ಹಾಗಾಗಿ ಹುಳಿಮರದವರಿಗೂ ಸಿಹಿಮರದವರಿಗೂ ಪರಸ್ಪರರು ಬೇಕು.