ಅರೆಬೆಳಕಿನ ಕಾಡು, ನಾಚಿಕೆಯ ಹಕ್ಕಿ

ಅನಗವಾಡಿ ಸೇತುವೆಯ ಆಸುಪಾಸಿನಲ್ಲಿ ಕ್ಯಾಮೆರಾ ಹಿಡಿದು ನಿಂತವರಿಗೆ ಬೆಳಕಿನ ಬಡತನ ಗೊತ್ತಿಲ್ಲ. ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರು ಹಿಂದೆ ಸರಿದಾಗ ಘಟಪ್ರಭೆಯ ದಂಡೆ ಕೆಸರುಬಯಲಾಗುತ್ತದೆ. ಬೀಳಗಿ, ಬಾಗಲಕೋಟೆ ಭಾಗದ ಆ ಕೆಸರಿಗೆ ರಾಜಹಂಸಗಳ ಹಿಂಡು ಬಂದಿಳಿಯುತ್ತದೆ. ಮೇಲೆ ಬಿಸಿಲು, ಕೆಳಗೆ ಬಿಸಿಲನ್ನು ಮರಳಿಸುವ ನೀರು. ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲಿನಷ್ಟು ಹೊತ್ತು ಷಟರ್ ತೆರೆದರೂ ಸಾಕು, ಹಾರುವ ಹಕ್ಕಿಯ ರೆಕ್ಕೆ ಗರಿಗರಿಯಾಗಿ ಮೂಡುತ್ತದೆ. ಬೀಳಗಿ–ಮುಧೋಳ ತಾಲ್ಲೂಕುಗಳ ಯಡಹಳ್ಳಿ ಚಿಂಕಾರ ವನ್ಯಧಾಮದ ಕುರುಚಲಿನಲ್ಲೂ ಇದೇ ಕತೆ. ಅಲ್ಲಿ ಬೇಕಾಗಿರುವುದು ನೆರಳು.

ಇದೇ ಸೇತುವೆಯ ಹೆದ್ದಾರಿ ಹುಬ್ಬಳ್ಳಿಗೆ ಹೋಗುತ್ತದೆ. ಅಲ್ಲಿಂದ ದಾಂಡೇಲಿ ದಾಟಿ ಗಣೇಶಗುಡಿ ಮುಟ್ಟುವ ಹೊತ್ತಿಗೆ ಬಯಲುಸೀಮೆಯ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ದಟ್ಟ ನಿತ್ಯಹರಿದ್ವರ್ಣ ಕಾಡಿನ ನೆಲಕ್ಕೆ ತಲುಪುವುದು ಮೇಲಿನ ಬಿಸಿಲಿನ ನೂರಕ್ಕೆ ಒಂದೆರಡು ಪಾಲು ಮಾತ್ರ. ಅಂದರೆ, ಬೆಳಕಿನ ಸೂಕ್ಷ್ಮತೆ (ಐಎಸ್‌ಒ) 100, ಲೆನ್ಸಿನ ಕಿಂಡಿ (ಅಪರ್ಚರ್) ಎಫ್/4 ಇಟ್ಟು ಬಯಲಿನಲ್ಲಿ 1/2000 ಸೆಕೆಂಡಿನಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಇಲ್ಲಿ 1/20 ಸೆಕೆಂಡು ಹಿಡಿಯುತ್ತದೆ. ಅಷ್ಟರಲ್ಲಿ ನೊಣಹಿಡುಕ ಹಕ್ಕಿ ಕೊಂಬೆ ಬಿಟ್ಟು ಹಾರಿರುತ್ತದೆ. 500 ಮಿ.ಮೀ. ಲೆನ್ಸನ್ನು ಕೈಯಲ್ಲೇ ಹಿಡಿದವರು ಚಿತ್ರ ಅದುರದಿರಲು 1/500ರ ಆಸುಪಾಸಿನಲ್ಲಿರಬೇಕು ಎಂಬುದು ಹಳೆಯ ನಿಯಮ. ಆ ವೇಗಕ್ಕೂ ಕಾಡಿನ ಬೆಳಕಿಗೂ ಹೊಂದಿಸುವುದೇ ಕಾಡುಹಕ್ಕಿಯ ಚಿತ್ರ ತೆಗೆಯುವ ಕಲೆಯ ಮೊದಲ ಪಾಠ.

ಈ ಪಾಠಕ್ಕೆ ಕರ್ನಾಟಕದಲ್ಲಿ ಗಣೇಶಗುಡಿಗಿಂತ ಒಳ್ಳೆಯ ಶಾಲೆ ಸಿಗುವುದು ಕಷ್ಟ. ಇಲ್ಲಿ ಕಾಳಿ ನದಿಗೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಕಟ್ಟುವಾಗ ಬಂಡೆ ಒಡೆಯುವ ಮದ್ದನ್ನು ಕಾಡಿನೊಳಗೆ ಒಂದು ಕಟ್ಟಡದಲ್ಲಿ ಇಡುತ್ತಿದ್ದರು. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಆ ಜಾಗವನ್ನು ಓಲ್ಡ್ ಮ್ಯಾಗಜಿನ್ ಹೌಸ್ ಎಂಬ ಹೆಸರಿನಲ್ಲೇ ಪಕ್ಷಿಪ್ರಿಯರ ತಂಗುದಾಣವಾಗಿಸಿದೆ. ಸೂಪಾ ಎಂಬ ಊರೂ ಅಣೆಕಟ್ಟಿನ ನೀರಿನಲ್ಲಿ ಮುಳುಗಿ, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು. ಆಲಮಟ್ಟಿಗೆ ಮನೆ, ಹೊಲ ಬಿಟ್ಟುಕೊಟ್ಟ ಬೀಳಗಿ ಸೀಮೆಯವರಿಗೆ ಈ ನೋವನ್ನು ಬಿಡಿಸಿ ಹೇಳಬೇಕಿಲ್ಲ.

ಮದ್ದಿನ ಮನೆಯ ಅಂಗಳದಲ್ಲಿ ಈಗ ಹಕ್ಕಿಗಳಿಗೆಂದು ನೀರಿನ ತೊಟ್ಟಿಗಳಿವೆ. ಬೇಸಿಗೆಯಲ್ಲಿ ಹಳ್ಳಗಳು ಬತ್ತುತ್ತಿದ್ದಂತೆ ದಟ್ಟಣೆಯೊಳಗೆ ಅಡಗಿರುವ ಹಕ್ಕಿಗಳೂ ಕುಡಿಯಲು, ಮೀಯಲು ಇಲ್ಲಿಗೆ ಬರುತ್ತವೆ. ನೆಲದ ಎಲೆ ಕೆದಕುತ್ತ ಬದುಕುವ ನೆಲಸಿಳ್ಳಾರ, ಇಂಪಾಗಿ ಹಾಡುವ ಶಾಮ, ಉದ್ದ ಬಾಲದ ರಾಜಹಕ್ಕಿ, ಬಗೆಬಗೆಯ ನೀಲಿ ನೊಣಹಿಡುಕಗಳು. ಕಾಡಿನಲ್ಲಿ ದಿನವೆಲ್ಲ ಅಲೆದರೂ ದನಿಯಷ್ಟೇ ಸಿಗುವ ಹಕ್ಕಿಗಳು ಇಲ್ಲಿ ಸುಮ್ಮನೆ ಕುಳಿತವರ ಕೆಲವೇ ಅಡಿ ದೂರದಲ್ಲಿ ರೆಕ್ಕೆ ಬಡಿದು ಮೀಯುತ್ತವೆ.

ಆದರೆ ಹಕ್ಕಿಗಳು ಮೀಯುವ ಹೊತ್ತು ಹೆಚ್ಚಾಗಿ ಇಳಿಹಗಲು. ಬೆಳಕು ಜಾರುತ್ತಿದ್ದಂತೆ ಜಾತ್ರೆ ಸೇರುತ್ತದೆ. ಇಂಗ್ಲೆಂಡಿನಂಥ ನಾಡಿನ ಬೇಸಿಗೆಯಲ್ಲಿ ಸಂಜೆ ಎಂಬುದು ಗಂಟೆಗಟ್ಟಲೆ ಎಳೆಯುತ್ತದೆ. ನಮ್ಮ ಉಷ್ಣವಲಯದಲ್ಲಿ ಸೂರ್ಯ ನೆಟ್ಟಗೆ ಕೆಳಗಿಳಿಯುವುದರಿಂದ ಮುಸ್ಸಂಜೆ ಅರ್ಧ ಗಂಟೆಯೂ ನಿಲ್ಲುವುದಿಲ್ಲ. ಐಎಸ್‌ಒ 1600ರಿಂದ 3200ಕ್ಕೆ, ಅಲ್ಲಿಂದ 6400ಕ್ಕೆ ಏರಿಸುತ್ತ ಹೋದಂತೆ ಚಿತ್ರದಲ್ಲಿ ಕಾಳುಕಾಳು ಎದ್ದು ಕಾಣತೊಡಗುತ್ತದೆ. ಷಟರ್ ವೇಗ ಇಳಿಸಿದರೆ ಹಕ್ಕಿ ಕದಡುತ್ತದೆ. ಅನುಭವಿಗಳು ಇಂಥಲ್ಲಿ ಕಾಳನ್ನು ಒಪ್ಪಿಕೊಂಡು, ಕದಡುವುದನ್ನು ತಪ್ಪಿಸುತ್ತಾರೆ. ಕಾಳನ್ನು ಆಮೇಲೆ ಕಂಪ್ಯೂಟರಿನಲ್ಲಿ ತಗ್ಗಿಸಬಹುದು, ಕದಡಿದ ಕಣ್ಣನ್ನು ಯಾರೂ ಸರಿಪಡಿಸಲಾರರು.

ಎಲೆಗಳ ನಡುವಿನಿಂದ ಇಳಿಯುವ ಬಿಸಿಲುಕೋಲು ನೋಡಲು ಚೆಂದ, ಚಿತ್ರಕ್ಕೆ ಕೇಡು. ಹಕ್ಕಿಯ ಒಂದು ಭುಜ ಸುಣ್ಣದಂತೆ ಬೆಳ್ಳಗಾಗಿ, ಮತ್ತೊಂದು ಕತ್ತಲಾಗುತ್ತದೆ. ತೆಳು ಮೋಡ ಕವಿದ ದಿನವೇ ಲೇಸು. ಎಲೆಗಳ ಮೂಲಕ ಸೋಸಿ ಬರುವ ಬೆಳಕು ಬಿಳಿ ಕೊರಳಿಗೂ ಹಸಿರು ಬಳಿಯುವುದರಿಂದ ಬಣ್ಣ ತಿದ್ದಲು ಆಸ್ಪದವಿರುವ ರಾ ಫೈಲಿನಲ್ಲೇ ತೆಗೆಯಬೇಕಾಗುತ್ತದೆ.

ಸಲಕರಣೆಗಿಂತ ದೊಡ್ಡ ಗುಟ್ಟು ಹಕ್ಕಿಯ ನಡವಳಿಕೆಯಲ್ಲಿದೆ. ಹಾಡುವ ಹಕ್ಕಿ ಎರಡು ಉಲಿಗಳ ನಡುವೆ ಕ್ಷಣಕಾಲ ಅಲುಗದೆ ನಿಲ್ಲುತ್ತದೆ. ನೆಲ ಕೆದಕುವ ಹಕ್ಕಿ ಒಂದೆರಡು ಹೆಜ್ಜೆ ಇಟ್ಟು ತಲೆ ಎತ್ತಿ ಆಲಿಸುತ್ತದೆ. ಆ ಒಂದು ನಿಲುವಿನಲ್ಲಿ ಟ್ರೈಪಾಡಿನ ಮೇಲಿನ ಕ್ಯಾಮೆರಾ 1/60 ಸೆಕೆಂಡಿನಲ್ಲೂ ಹರಿತವಾದ ಚಿತ್ರ ಕೊಡುತ್ತದೆ. ಬೆದರಿದ ಹಕ್ಕಿ ಹೀಗೆ ನಿಲ್ಲುವುದಿಲ್ಲ. ಅದು ಬಾಲ ಕುಣಿಸುತ್ತದೆ, ತಲೆ ತಿರುಗಿಸುತ್ತದೆ, ಕೊನೆಗೆ ಹಾರುತ್ತದೆ. ಹಾಗಾಗಿ ಮಬ್ಬು ಕಾಡಿನಲ್ಲಿ ಹಕ್ಕಿಯನ್ನು ಗಾಬರಿಪಡಿಸದಿರುವುದು ಬರಿಯ ಸೌಜನ್ಯವಲ್ಲ, ಚಿತ್ರ ಬರಬೇಕೆಂದರೆ ಬೇರೆ ದಾರಿಯೇ ಇಲ್ಲ.

ಕಾಕರಣೆ ಹಕ್ಕಿ ಇದಕ್ಕೆ ಒಳ್ಳೆಯ ಉದಾಹರಣೆ. ಗಂಡಿಗೆ ಕಪ್ಪು ತಲೆ, ಎದೆಗೆ ಬಿಳಿ ಪಟ್ಟಿ, ಹೊಟ್ಟೆಯೆಲ್ಲ ಕೆಂಪು. ಇಷ್ಟು ಬಣ್ಣವಿದ್ದೂ ಅದು ಕಣ್ಣಿಗೆ ಬೀಳದು. ಮನುಷ್ಯನ ಸುಳಿವು ಸಿಕ್ಕರೆ ಕಂದು ಬೆನ್ನನ್ನು ಇತ್ತ ತಿರುಗಿಸಿ ಮಿಸುಕದೆ ಕೂರುತ್ತದೆ. ಅಟ್ಟಿಸಿಕೊಂಡು ಹೋದವರಿಗೆ ಬೆನ್ನಷ್ಟೇ ಗತಿ. ಬಲ್ಲವರು ಭೀಮರಾಜನ ಕೂಗಿಗೆ ಕಿವಿಗೊಟ್ಟು ಒಂದೆಡೆ ನಿಲ್ಲುತ್ತಾರೆ. ಹುಳು ಹಿಡಿಯಲು ಹಲವು ಜಾತಿಯ ಹಕ್ಕಿಗಳು ಕೂಡಿ ಸಾಗುವ ಗುಂಪಿನಲ್ಲಿ ಭೀಮರಾಜ ಇರುತ್ತದೆ, ಅದರ ಜೊತೆ ಒಮ್ಮೊಮ್ಮೆ ಕಾಕರಣೆಯೂ. ಗುಂಪು ತಾನಾಗಿ ಹತ್ತಿರ ಬಂದಾಗ ಹಕ್ಕಿ ಮುಖ ತೋರಿಸುತ್ತದೆ.

ಫಿಲ್ಮಿನ ಕಾಲದವರು ಈ ಕೆಲಸ ಹೇಗೆ ಮಾಡಿದರೋ ಎಂದು ಬೆರಗಾಗುತ್ತದೆ. ಕೊಡಾಕ್ರೋಮ್ 64ರಂಥ ಬಣ್ಣದ ಫಿಲ್ಮಿನ ವೇಗ ಐಎಸ್‌ಒ 64 ಅಷ್ಟೇ. ಕಾಡಿನೊಳಗೆ ಫ್ಲ್ಯಾಶ್ ಇಲ್ಲದೆ ನಡೆಯುತ್ತಿರಲಿಲ್ಲ, ಅದನ್ನು ಮೊದಲೇ ಹೂಡಿ ಕಾಯಲು ಹಕ್ಕಿ ಮರಳಿ ಬರುವ ಖಾತ್ರಿ ಇರುವ ಜಾಗ ಗೂಡೊಂದೇ. ಅದರ ಬಳಿ ಮರೆಗುಡಾರ ಕಟ್ಟಿ ಕಾಯುವುದು ಜಗತ್ತಿನಾದ್ಯಂತ ರೂಢಿಯಾಗಿತ್ತು. ಬ್ರಿಟನ್ನಿನ ಛಾಯಾಗ್ರಾಹಕ ಎರಿಕ್ ಹಾಸ್ಕಿಂಗ್ 1937ರಲ್ಲಿ ಹೀಗೆ ಗೂಬೆಯ ಗೂಡಿನ ಬಳಿ ಹೋದಾಗ ಗೂಬೆ ಎರಗಿ, ಅವರ ಎಡಗಣ್ಣು ಹೋಯಿತು.

ಬೆಂಗಳೂರಿನಲ್ಲಿ ಒ.ಸಿ. ಎಡ್ವರ್ಡ್ಸ್ ಅವರ ಗರಡಿಯಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್ ಮತ್ತು ಅವರ ಸಮಕಾಲೀನ ಇ. ಹನುಮಂತರಾವ್ ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ದೇಶದಾಚೆಗೂ ಹೆಸರು ತಂದರು. ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಸಚಿವರಾಗಿದ್ದವರು. ಕಪ್ಪು-ಬಿಳುಪಿನಲ್ಲಿ ಕಾಡಿನ ಬೆಳಕು-ನೆರಳನ್ನು ಅವರಷ್ಟು ಪ್ರೀತಿಯಿಂದ ಹಿಡಿದವರು ಕಡಿಮೆ. 1983ರಲ್ಲಿ ಬಂದ ಅವರ ಪುಸ್ತಕದ ಹೆಸರೇ 'ಸನ್‌ಲೈಟ್ ಅಂಡ್ ಶ್ಯಾಡೋಸ್'. ಮೂಡಿಗೆರೆಯ ಕಾಫಿ ತೋಟದಿಂದ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಚಿತ್ರವನ್ನೂ ಅವುಗಳ ಕನ್ನಡ ಹೆಸರುಗಳನ್ನೂ ಓದುಗರ ಮನೆಗೆ ತಲುಪಿಸಿದರು.

ಬದಲಾವಣೆ ಬಂದದ್ದು ಡಿಜಿಟಲ್ ಸೆನ್ಸರಿನಿಂದ. 2007ರಲ್ಲಿ ಬಂದ ನಿಕಾನ್ ಡಿ3 ಐಎಸ್‌ಒ 6400ರಲ್ಲೂ ಬಳಸಬಹುದಾದ ಚಿತ್ರ ಕೊಟ್ಟಿತು. ಕೊಡಾಕ್ರೋಮ್ 64ಕ್ಕೆ ಹೋಲಿಸಿದರೆ ಇದು ನೂರು ಪಟ್ಟು. ಇತ್ತೀಚಿನ ಮಿರರ್‌ಲೆಸ್ ಕ್ಯಾಮೆರಾಗಳ ಷಟರಿಗೆ ಸದ್ದೂ ಇಲ್ಲ. ಫ್ಲ್ಯಾಶ್ ಬೇಡ, ಗೂಡಿನ ಬಳಿ ಹೋಗುವ ಅಗತ್ಯವೂ ಇಲ್ಲ. ಗೂಡಿನ ಚಿತ್ರವನ್ನು ಈಗ ಹಲವು ಸ್ಪರ್ಧೆಗಳು ತೆಗೆದುಕೊಳ್ಳುವುದಿಲ್ಲ, ಅದು ನ್ಯಾಯ. ಜನ ಸುಳಿದಾಡಿದರೆ ತಾಯಿಹಕ್ಕಿ ಮೊಟ್ಟೆ ಬಿಟ್ಟು ಹೋಗಬಹುದು, ಕಾಗೆಗೆ ಗೂಡಿನ ದಾರಿ ತಿಳಿಯಬಹುದು.

ಹಳೆಯ ಕಷ್ಟ ಹೋದರೂ ಹೊಸ ಕೇಡು ಬಂದಿದೆ. ಫೋನಿನಲ್ಲಿ ಕೂಗು ನುಡಿಸಿ ಹಕ್ಕಿಯನ್ನು ಕರೆಸುವುದು ಸಲೀಸಾಗಿದೆ. ತನ್ನ ಸೀಮೆಗೆ ಎದುರಾಳಿ ನುಗ್ಗಿತೆಂದು ಹಕ್ಕಿ ಮರಿಗಳಿಗೆ ಉಣಿಸುವುದನ್ನೂ ಬಿಟ್ಟು ಓಡಿ ಬರುತ್ತದೆ. ಹಾಗೆ ಬಂದದ್ದು ಕೆರಳಿದ ಹಕ್ಕಿ. ಮಬ್ಬು ಬೆಳಕಿನಲ್ಲಿ ಅದರ ಚಿತ್ರವೂ ಚೆನ್ನಾಗಿ ಬರುವುದಿಲ್ಲ.

ಬೀಳಗಿ, ಮುಧೋಳ, ಜಮಖಂಡಿ ಕಡೆಯಿಂದ ಗಣೇಶಗುಡಿಗೆ ಹೋಗುವವರು ಬೇಸಿಗೆಯನ್ನೇ ಆರಿಸಿಕೊಳ್ಳಿ, ಮಾಸಿದ ಬಣ್ಣದ ಬಟ್ಟೆ ತೊಡಿ, ಫೋನಿನ ಸದ್ದು ಆರಿಸಿ, ತೊಟ್ಟಿಯ ಮುಂದೆ ಎದ್ದು ಓಡಾಡದೆ ಕೂರಿ. ದೊಡ್ಡ ಲೆನ್ಸ್ ಇಲ್ಲವೆಂದು ಹಿಂಜರಿಯಬೇಡಿ, ಅಲ್ಲಿ ಹಕ್ಕಿಯೇ ಹತ್ತಿರ ಬರುತ್ತದೆ. ಮತ್ತೆ, ಅದು ಕಾಳಿಯ ಕಾಡಿರಲಿ, ಯಡಹಳ್ಳಿಯ ಕುರುಚಲಿರಲಿ, ಗೂಡು ಕಣ್ಣಿಗೆ ಬಿದ್ದರೆ ಹಿಂದೆ ಸರಿಯಿರಿ, ಆ ಜಾಗದ ಗುರುತನ್ನು ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹಾಕಬೇಡಿ.