ಚಪ್ಪಾಳೆ ತಟ್ಟಿ ಹಾಲ್ ಅಳೆಯುವ ಮೈಕ್ ಮಾಮ

ಬೆಂಗಳೂರಿನಲ್ಲಿ ಸಂಗೀತ ಕೇಳಲು ಒಳ್ಳೆಯ ಜಾಗ ಯಾವುದು, ಕೆಟ್ಟದ್ದು ಯಾವುದು? ಹಾಡುವವರನ್ನು ಕೇಳಿದರೆ ನಕ್ಕು ಸುಮ್ಮನಾಗುತ್ತಾರೆ, ಮುಂದಿನ ವರ್ಷವೂ ಕರೆ ಬರಬೇಕಲ್ಲ. ಸಭಾದ ಕಾರ್ಯದರ್ಶಿಗಳು ತಮ್ಮ ಸಭಾದ ಹೆಸರನ್ನೇ ಹೇಳುತ್ತಾರೆ. ರಸಿಕರನ್ನು ಕೇಳಿದರೆ ಮಾತು ಎರಡೇ ನಿಮಿಷದಲ್ಲಿ ಕ್ಯಾಂಟೀನಿನ ಕಡೆ ತಿರುಗುತ್ತದೆ. ದಾಕ್ಷಿಣ್ಯವಿಲ್ಲದೆ ಉತ್ತರ ಕೊಡಬಲ್ಲವರು ಒಬ್ಬರೇ. ವೇದಿಕೆಯ ಪಕ್ಕ ಪರದೆಯ ಮರೆಯಲ್ಲಿ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಇಡೀ ಕಛೇರಿಯನ್ನು ಯಾರಿಗೂ ಕಾಣದಂತೆ ಕೇಳುವ ಮೈಕ್‌ಸೆಟ್‌ನವರು.

ನಾನು ಹುಡುಕಿಕೊಂಡು ಹೋದವರಿಗೆ ಚಾಮರಾಜಪೇಟೆಯಲ್ಲಿ ಒಂದು ಬಾಗಿಲಿನ ಅಂಗಡಿ. ವಯಸ್ಸು ಎಪ್ಪತ್ತು ದಾಟಿದೆ. ಹೊಸ ತಲೆಮಾರಿನ ಗಾಯಕಿಯರೆಲ್ಲ ಅವರನ್ನು ‘ಮೈಕ್ ಮಾಮ’ ಅಂತಲೇ ಕರೆಯುವುದು. “ಹೆಸರು ಮಾತ್ರ ಹಾಕ್ಬೇಡಿ ಸಾರ್. ನಾನು ನಿಜ ಹೇಳಿದ್ರೆ ನಾಳೆಯಿಂದ ಹಾಲ್‌ನೋರು ಕರೆಂಟು ಕೊಡಲ್ಲ” ಎಂದರು. ಆದ್ದರಿಂದ ಇಲ್ಲಿಯೂ ಅವರು ಮೈಕ್ ಮಾಮನೇ.

ಯಾವ ಹಾಲ್‌ಗೆ ಹೋದರೂ ಸಾಮಾನು ಇಳಿಸುವ ಮೊದಲು ಅವರು ಚಪ್ಪಾಳೆ ಹೊಡೆಯುತ್ತಾರೆ. ವೇದಿಕೆಯ ನಡುವೆ ನಿಂತು ಒಂದು, ಬಾಲ್ಕನಿಯ ಕೆಳಗೆ ಒಂದು, ಕೊನೆಯ ಸಾಲಿನ ಮೂಲೆಯಲ್ಲಿ ಒಂದು. ಅಂಗೈ ಗುಳಿ ಮಾಡಿಕೊಂಡು ಹೊಡೆದರೆ ದಪ್ಪ ಸದ್ದು, ಚಪ್ಪಟೆ ಹೊಡೆದರೆ ಚೂಪು. ಎರಡನ್ನೂ ಹೊಡೆದು, ಸದ್ದು ಪೂರ್ತಿ ಸಾಯುವವರೆಗೆ ಕತ್ತು ವಾರೆ ಮಾಡಿಕೊಂಡು ಕಾಯುತ್ತಾರೆ. ಓದಿದವರು ಇದನ್ನು ಅನುರಣನ ಕಾಲ ಎಂದು ಕರೆದು ಸೆಕೆಂಡುಗಳಲ್ಲಿ ಅಳೆಯುತ್ತಾರೆ. ಹಾರ್ವರ್ಡ್‌ನ ವಾಲೇಸ್ ಸಬೀನ್ ಎಂಬ ಮೇಷ್ಟರು 1890ರ ದಶಕದಲ್ಲಿ ರಾತ್ರಿ ಹೊತ್ತು ನಾಟಕಶಾಲೆಯ ಕುಶನ್‌ಗಳನ್ನು ಹೊತ್ತು ತಂದು, ಒಂದೊಂದಾಗಿ ಕೋಣೆಯೊಳಗೆ ಇಟ್ಟು, ಸದ್ದು ಎಷ್ಟು ಬೇಗ ಸಾಯುತ್ತದೆ ಎಂದು ಲೆಕ್ಕ ಕಟ್ಟಿದ್ದು ಈ ಶಾಸ್ತ್ರಕ್ಕೆ ಬುನಾದಿ. ಮಾಮನಿಗೆ ಸಬೀನ್ ಗೊತ್ತಿಲ್ಲ, ಕುಶನ್ನಿನ ಲೆಕ್ಕ ಗೊತ್ತು. “ಜನ ತುಂಬಿದ್ರೆ ಹಾಲ್‌ನ ಅರ್ಧ ಕಾಯಿಲೆ ವಾಸಿ. ಮೈಸೂರು ಕಡೆಯಿಂದ ದೊಡ್ಡೋರು ಬಂದು ಹಾಡ್ತಿದ್ದಾರೆ, ಮೂವತ್ತು ಜನ ಕೂತಿದ್ದಾರೆ ಅಂದ್ರೆ ಅವತ್ತು ನನಗೆ ಹಬ್ಬ” ಎಂದು ವ್ಯಂಗ್ಯವಾಗಿ ನಗುತ್ತಾರೆ.

ಅವರ ಎದುರು ಕೂತು ಒಂದು ಸಂಜೆ ಕೆಲಸ ನೋಡಿದೆ. ಬಸವನಗುಡಿಯ ಸಣ್ಣ ಸಭಾ, ಹಾಡುಗಾರಿಕೆಗೆ ಪಿಟೀಲು, ಮೃದಂಗ, ಘಟದ ಪಕ್ಕವಾದ್ಯ. ಮೃದಂಗದ ಎರಡು ಮುಖಕ್ಕೂ ಒಂದೊಂದು ಮೈಕು. ಎಡಗಡೆಯದನ್ನು ಚೂರು ದೂರ ಸರಿಸಿದರು, ರವೆ ಮೆತ್ತಿದ ಆ ಮುಖದ ಗುಂಕಿಗೆ ಮೈಕು ಹತ್ತಿರವಿದ್ದರೆ ಸ್ಪೀಕರ್ ಬೊಬ್ಬೆ ಹೊಡೆಯುತ್ತದಂತೆ. ಘಟಕ್ಕೆ ಮೊಳದುದ್ದದ ಸ್ಟ್ಯಾಂಡು. ಗಾಯಕಿ ವರ್ಣ ಮುಗಿಸುವ ಹೊತ್ತಿಗೆ ‘ಕುಂಯ್’ ಎಂದು ಶುರುವಾಯಿತು. ಸ್ಪೀಕರಿನಿಂದ ಹೊರಟ ಸದ್ದು ಮತ್ತೆ ಮೈಕಿನೊಳಗೆ ಹೋಗಿ, ಮತ್ತೆ ಸ್ಪೀಕರಿಗೆ ಬಂದು, ಹೀಗೆ ಸುತ್ತು ಹೊಡೆದಾಗ ಏಳುವ ಕೂಗು ಅದು. ಸಭೆ ಮುಖ ಕಿವುಚುವ ಮೊದಲೇ ಮಾಮ “ಎರಡೂವರೆ ಸಾವಿರ” ಎಂದು ಗೊಣಗಿ, ಈಕ್ವಲೈಸರಿನ 31 ಗುಂಡಿಗಳಲ್ಲಿ ಒಂದನ್ನು ಉಗುರಿನಷ್ಟು ಕೆಳಗೆ ಎಳೆದರು. ಕೂಗು ನಿಂತಿತು. ಕೂಗಿನ ಕಂಪನಾಂಕ 2,500 ಹರ್ಟ್ಸ್ ಎಂದು ಕಿವಿಯಲ್ಲೇ ಹಿಡಿಯುವುದು ಹೇಗೆ ಎಂದು ಕೇಳಿದ್ದಕ್ಕೆ, “ನೀವು ಮೋಹನ, ಹಂಸಧ್ವನಿ ಅಂತ ಕಂಡುಹಿಡಿಯಲ್ವೆ? ಇದೂ ಹಂಗೇ” ಎಂಬ ಉತ್ತರ ಬಂತು. ಆಮೇಲೆ ಗಾಯಕಿ ಎರಡು ಬೆರಳು ಎತ್ತಿ ಏನೋ ಸನ್ನೆ ಮಾಡಿದರು, ಇವರು ತಲೆಯಾಡಿಸಿ ಏನೂ ಮಾಡದೆ ಕೂತರು. ಗಾಯಕಿಗೆ ಸಮಾಧಾನವಾಯಿತು. ಆ ಗುಟ್ಟನ್ನು ಬರೆಯಬೇಡಿ ಎಂದಿದ್ದರು, ಬರೆದುಬಿಟ್ಟೆ.

ಮೈಕು ಬರುವ ಮುಂಚೆ ಏನು ಮಾಡುತ್ತಿದ್ದರು? ಈ ಪ್ರಶ್ನೆಗೆ ಬೆಂಗಳೂರಿನ ಅತಿ ಪ್ರಸಿದ್ಧ ಸಭಾಂಗಣದ ಹೆಸರಿನಲ್ಲೇ ಉತ್ತರ ಇದೆ. ತಿರುಮಕೂಡಲಿನ ಟಿ. ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಘಟಾನುಘಟಿಗಳಿಗೆ ಪಿಟೀಲು ಪಕ್ಕವಾದ್ಯ ನುಡಿಸುತ್ತಿದ್ದವರು. ದೊಡ್ಡ ಸಭೆಗಳಲ್ಲಿ ಹಾಡುವವರ ತಾರಕ ಹಿಂದಿನ ಸಾಲಿಗೆ ಮುಟ್ಟುತ್ತಿತ್ತು, ಪಿಟೀಲು ಮುಟ್ಟುತ್ತಿರಲಿಲ್ಲ. ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿಗಳನ್ನು ಜೋಡಿಸಿ ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡರು. ನಾದ ದಪ್ಪವಾಯಿತು, ಕೊನೆಯ ಸಾಲಿನವರು ತಲೆದೂಗಿದರು. ಮೊದಮೊದಲು ಗುರುಗಳಿಗೆ ಹೇಳದೆಯೇ ನುಡಿಸುತ್ತಿದ್ದರು, ನಾದ ಬೇರೆಯಾದದ್ದನ್ನು ಕಿವಿಯಿಂದಲೇ ಹಿಡಿದ ಕೃಷ್ಣಪ್ಪನವರು ವಿಚಾರಿಸಿ ಕೊನೆಗೆ ಒಪ್ಪಿಕೊಂಡರು ಎಂದು ಹಳಬರು ಹೇಳುತ್ತಾರೆ. ಜಾಗ ಸರಿಯಿಲ್ಲ ಎಂದು ದೂರದೆ ವಾದ್ಯವನ್ನೇ ಬದಲಿಸಿದ ಮಹಾನುಭಾವರು 1967ರಲ್ಲಿ ತೀರಿಕೊಂಡರು. 1980ರಲ್ಲಿ ಅಕಾಡೆಮಿ ಆಫ್ ಮ್ಯೂಸಿಕ್ ಸಂಸ್ಥೆ, ಕೆ.ಕೆ. ಮೂರ್ತಿಯವರ ಹಟದಿಂದ, ಮಲ್ಲೇಶ್ವರದ ಪಕ್ಕ ಪಿಟೀಲಿನ ಆಕಾರದಲ್ಲೇ ಚೌಡಯ್ಯ ಸ್ಮಾರಕ ಭವನವನ್ನು ಕಟ್ಟಿಸಿತು. ತಂತಿ, ಕುದುರೆ, ಬಿರಡೆ, ಕಮಾನು ಎಲ್ಲವೂ ಕಾಂಕ್ರೀಟಿನಲ್ಲಿ ಇವೆ. ಒಳಗೆ ಸಾವಿರ ಜನ ಕೂರಬಹುದು.

ಮಾಮನ ಪಟ್ಟಿಯಲ್ಲಿ ಚೌಡಯ್ಯ ಭವನಕ್ಕೆ ಒಳ್ಳೆಯ ಅಂಕ. “ಅಲ್ಲಿ ಸದ್ದು ಕೂರುತ್ತೆ. ಒಂದೇ ಕಷ್ಟ, ಸಣ್ಣ ಕಛೇರಿಗೆ ಅಷ್ಟು ದೊಡ್ಡದು ಬೇಡ.” 1905ರಲ್ಲಿ ಶುರುವಾದ ಬೆಂಗಳೂರು ಗಾಯನ ಸಮಾಜದ ಬಗ್ಗೆ ಮಾತಾಡುವಾಗ ದನಿ ತಗ್ಗಿತು, ಅಲ್ಲಿ ತಮ್ಮ ಅಪ್ಪ ಕೆಲಸ ಮಾಡಿದ್ದರಂತೆ. ಬಸವನಗುಡಿಯ ವಿಶ್ವ ಸಂಸ್ಕೃತಿ ಸಂಸ್ಥೆ, ಬಿ.ಪಿ. ವಾಡಿಯಾ ದಂಪತಿ 1945ರಲ್ಲಿ ಕಟ್ಟಿದ್ದು, ಅವರಿಗೆ ಇಷ್ಟ. ಹಾಡುವವರಿಗೂ ಕೇಳುವವರಿಗೂ ಮುಖ ಕಾಣುವಷ್ಟು ಹತ್ತಿರ, ವಾಲ್ಯೂಮ್ ಏರಿಸುವ ಪ್ರಸಂಗವೇ ಇಲ್ಲ. ಟೌನ್‌ಹಾಲ್ ಎಂದ ಕೂಡಲೇ ಕೈ ಅಲ್ಲಾಡಿಸಿಬಿಟ್ಟರು. 1935ರಲ್ಲಿ ಎದ್ದು ನಿಂತ ಸರ್ ಪುಟ್ಟಣ್ಣ ಚೆಟ್ಟಿ ಪುರಭವನ ಭಾಷಣಕ್ಕೆ ಹೇಳಿ ಮಾಡಿಸಿದ್ದು, ಕಾಂಬೋಧಿಗಲ್ಲ ಎಂಬುದು ಅವರ ತೀರ್ಪು. ಹೊರಗಿನ ಮೆಟ್ಟಿಲಿಗೆ ನಗರದ ಧರಣಿಗಳಿಂದ ಬಂದ ಕೀರ್ತಿ ಒಳಗಿನ ವೇದಿಕೆಗೆ ಯಾವ ಕಛೇರಿಯಿಂದಲೂ ಬಂದಿಲ್ಲ, ಇದು ನನ್ನ ಸೇರ್ಪಡೆ. ಪಕ್ಕದ ರವೀಂದ್ರ ಕಲಾಕ್ಷೇತ್ರ 1963ರದ್ದು. “ಅದು ನಾಟಕದೋರ ಮನೆ, ನಾವು ನೆಂಟ್ರು” ಎಂದು ಮುಗಿಸಿದರು.

ಅತಿ ಕೆಟ್ಟ ಜಾಗ ಯಾವುದು? ಇದಕ್ಕೆ ಅವರು ಯೋಚಿಸಲೇ ಇಲ್ಲ. ಕಲ್ಯಾಣ ಮಂಟಪ.

ನೆಲಕ್ಕೆ ಗ್ರಾನೈಟು, ಗೋಡೆಗೆ ಕನ್ನಡಿ, ಮೇಲೆ ಪ್ಲಾಸ್ಟರಿನ ಗೋಪುರ. ಎಲ್ಲಿ ಚಪ್ಪಾಳೆ ಹೊಡೆದರೂ ನಾಲ್ಕು ಕಡೆಯಿಂದ ಉತ್ತರ ಬರುತ್ತದೆ. ಆರತಕ್ಷತೆಗೆ ಕಛೇರಿ ಇಡಿಸುವುದು ಬೆಂಗಳೂರಿನ ಹಳೆಯ ಮರ್ಯಾದೆ, ಈಗಲೂ ಕೆಲವು ಮನೆಗಳಲ್ಲಿ ಉಳಿದಿದೆ. ಕಲಾವಿದರಿಗೆ ಸಿಗುವುದು ಊಟದ ಹಾಲ್‌ಗೆ ಹೋಗುವ ದಾರಿಯ ಪಕ್ಕದ ಮೂಲೆ. ವಿಸ್ತಾರವಾದ ಆಲಾಪನೆ ನಡೆದಿರುವಾಗ ಉಡುಗೊರೆ ಹಿಡಿದ ಸಾಲು ಎದುರಿಗೇ ಹಾದುಹೋಗುತ್ತಿರುತ್ತದೆ. ಫೋಟೋದವನು ಸ್ಪೀಕರಿನ ಮುಂದೆ ಛತ್ರಿ ದೀಪ ನಿಲ್ಲಿಸುತ್ತಾನೆ. ಹುಡುಗಿಯ ದೊಡ್ಡಪ್ಪ ಬಂದು, “ಸ್ವಲ್ಪ ಕಮ್ಮಿ ಮಾಡ್ರೀ, ಮಾತು ಕೇಳಿಸ್ತಿಲ್ಲ” ಎನ್ನುತ್ತಾರೆ. ಕಮ್ಮಿ ಮಾಡಿದರೆ ಹುಡುಗನ ಕಡೆಯವರು ಬಂದು ಜಾಸ್ತಿ ಮಾಡಿಸುತ್ತಾರೆ. ಒಮ್ಮೆ ತನಿ ಆವರ್ತನ ಶುರುವಾಗುತ್ತಿದ್ದಂತೆ ಮ್ಯಾನೇಜರು ಬಂದು ಐಸ್‌ಕ್ರೀಂ ಫ್ರೀಜರಿಗೆ ಬೇಕೆಂದು ಆಂಪ್ಲಿಫೈಯರಿನ ಪ್ಲಗ್ಗನ್ನೇ ಕಿತ್ತರಂತೆ. ಮೃದಂಗದವರು ನಿಲ್ಲಿಸಲಿಲ್ಲ. “ಅವತ್ತೇ ಸಾರ್ ಆ ಮಂಟಪದಲ್ಲಿ ಮೃದಂಗ ಚೆನ್ನಾಗಿ ಕೇಳಿದ್ದು.”

ಹಾಗಾದರೆ ಎಲ್ಲಕ್ಕಿಂತ ಒಳ್ಳೆಯದು? ಅವರು ಹೇಳಿದ್ದು ಒಂದು ಕಟ್ಟಡವೇ ಅಲ್ಲ. ರಾಮನವಮಿಯ ಚಪ್ಪರ.

ಯುಗಾದಿ ಕಳೆದ ಮೇಲೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ಏಳುವ ಪೆಂಡಾಲಿನ ಕಥೆ ಕನ್ನಡಿಗರಿಗೆ ಹೊಸದಲ್ಲ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಎಂಬ ಹದಿಹರೆಯದ ಹುಡುಗ ಶುರುಮಾಡಿದ ಶ್ರೀ ರಾಮಸೇವಾ ಮಂಡಳಿ, ಸುಮಾರು ಒಂದು ತಿಂಗಳು ನಡೆಯುವ ಸಂಗೀತೋತ್ಸವವಾಗಿ ಬೆಳೆಯಿತು. ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ್ದಾರೆ, ಭೀಮಸೇನ ಜೋಶಿಯವರು ಹಾಡಿದ್ದಾರೆ. ಟಿಕೆಟ್ಟಿಗೆ ದುಡ್ಡಿಲ್ಲದವರು ಆಚೆ ರಸ್ತೆ ಬದಿಯಲ್ಲಿ ಕೂತು ಪೂರ್ತಿ ಕಛೇರಿ ಕೇಳಿ ಮನೆಗೆ ಹೋಗುತ್ತಿದ್ದರು. ಇದರ ನೆರಳಿನಲ್ಲೇ ಊರಿನ ಬಡಾವಣೆ ಬಡಾವಣೆಯಲ್ಲಿ ಸಣ್ಣಸಣ್ಣ ರಾಮೋತ್ಸವಗಳು ಹುಟ್ಟಿದವು. ಮಾಮ ಕೆಲಸ ಮಾಡಿದ್ದು ಅಂಥವುಗಳಲ್ಲಿ. ಹುಡುಗನಾಗಿದ್ದಾಗ ಸೈಕಲ್ಲಿನ ಕ್ಯಾರಿಯರಿಗೆ ಕಬ್ಬಿಣದ ಹಾರ್ನ್ ಕಟ್ಟಿಕೊಂಡು ಹೋಗುತ್ತಿದ್ದರು. ವಾಲ್ವ್ ಆಂಪ್ಲಿಫೈಯರ್ ಬಿಸಿಯಾಗುವವರೆಗೆ ಪಾನಕ, ಕೋಸಂಬರಿ.

ಚಪ್ಪರ ಯಾಕೆ ಒಳ್ಳೆಯದು ಎಂಬುದಕ್ಕೆ ಅವರ ಕಾರಣ ಭಕ್ತಿಯಲ್ಲ. ಬಟ್ಟೆ ಸದ್ದನ್ನು ಹಿಂದಕ್ಕೆ ಎಸೆಯುವುದಿಲ್ಲ. ಪಕ್ಕಗಳು ತೆರೆದಿರುತ್ತವೆ, ಬೇಡದ ಸದ್ದು ಹೊರಗೆ ಹೋಗುತ್ತದೆ. ಕೆಳಗೆ ಮಣ್ಣು, ಜಮಖಾನ. ಬೀದಿಯ ಆಟೋ, ಬಸ್ಸು, ಮಾವಿನಹಣ್ಣಿನ ಗಾಡಿಯವನ ಕೂಗು ಒಳಗೆ ಬರುವುದು ನಿಜ, ಆದರೆ ಅದು ಹಾಡಿನ ಮೇಲೆ ಹಾಡನ್ನೇ ಹೇರುವ ಪ್ರತಿಧ್ವನಿಗಿಂತ ಮೇಲು. ಉದ್ದ ಚಪ್ಪರವಾದರೆ ಒಂದು ಪೇಚು ಇದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ವೇದಿಕೆಯಿಂದ 34 ಮೀಟರ್ ಹಿಂದೆ ಕೂತವರಿಗೆ ಮೃದಂಗದ ಪೆಟ್ಟು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ಮುಟ್ಟುತ್ತದೆ, ಪಕ್ಕದ ಕಂಬದ ಸ್ಪೀಕರಿನಿಂದ ಮಾತ್ರ ಆಗಲೇ ಬಂದಿರುತ್ತದೆ. ತಾಳ ಹಾಕುವವರ ಕೈ ತಬ್ಬಿಬ್ಬು. ಈಗ ಯಂತ್ರವೇ ಹಿಂದಿನ ಸ್ಪೀಕರನ್ನು ಅಷ್ಟು ತಡೆದು ನುಡಿಸುತ್ತದೆ. ಆಗ ಅದೆಲ್ಲ ಇರಲಿಲ್ಲ, ಹಿಂದಿನ ಸ್ಪೀಕರಿನ ವಾಲ್ಯೂಮ್ ತಗ್ಗಿಸಿ, “ಕಿವಿ ಚುರುಕಿಲ್ದೋರು ಮುಂದೆ ಬನ್ನಿ” ಎಂದು ಕೂಗುತ್ತಿದ್ದರಂತೆ.

ರಾತ್ರಿ ಹನ್ನೆರಡಕ್ಕೂ ಮುಗಿಯದ ಕಛೇರಿಗಳು ಈಗಿಲ್ಲ. ಶಬ್ದಮಾಲಿನ್ಯ ನಿಯಂತ್ರಣದ 2000ದ ನಿಯಮ ಬಂದಮೇಲೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಕೂಡದು. ಒಂಬತ್ತೂಮುಕ್ಕಾಲಿಗೆ ಮಂಗಳ. ಕೇಳುಗರು ಬನಶಂಕರಿ ಮೂರನೇ ಹಂತಕ್ಕೆ, ಯಲಹಂಕಕ್ಕೆ, ಹುಡುಗರು ಕೆಲಸ ಮಾಡುವ ವೈಟ್‌ಫೀಲ್ಡಿಗೆ ಚದುರಿದ್ದಾರೆ, ಅವರಿಗೂ ಎಂಟೂವರೆಗೇ ಚಡಪಡಿಕೆ ಶುರು. ಮಾರ್ಕೆಟ್ ಮೆಟ್ರೊ ನಿಲ್ದಾಣ ಕೋಟೆ ಹೈಸ್ಕೂಲಿಗೆ ಹತ್ತಿರವಿರುವುದು ಈಚಿನ ವರ್ಷಗಳ ದೊಡ್ಡ ಉಪಕಾರ. ಹೊಸ ಬಡಾವಣೆಗಳಲ್ಲಿ ಮಾಲ್ ಇದೆ, ಈಜುಕೊಳ ಇದೆ, ಇನ್ನೂರು ಜನ ಕೂತು ಸಂಗೀತ ಕೇಳುವ ಕೋಣೆ ಹುಡುಕಿದರೂ ಸಿಗದು.

ಈ ಊರಿಗೆ ರಾಕ್ ಬ್ಯಾಂಡುಗಳ ಇನ್ನೊಂದು ಸಂಗೀತವೂ ಇದೆ, ಅದರ ಸುದ್ದಿ ಗೊತ್ತಿರುವುದು ಮಾಮನ ಮಗನಿಗೆ. ಅರಮನೆ ಮೈದಾನದಲ್ಲಿ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಮೆಟಾಲಿಕಾದ ಕೆಸರಿನಲ್ಲಿ ಶೂ ಕಳೆದುಕೊಂಡವರು ಅದನ್ನು ಪದಕ ಸಿಕ್ಕವರ ಹಾಗೆ ಹೇಳಿಕೊಳ್ಳುತ್ತಾರೆ. ಇಂದಿರಾನಗರದ ಹಮ್ಮಿಂಗ್ ಟ್ರೀ 2013ರಿಂದ 2019ರವರೆಗೆ ಹೊಸ ಬ್ಯಾಂಡುಗಳಿಗೆ ತವರಾಗಿದ್ದು ಮುಚ್ಚಿಹೋಯಿತು. ನೆರೆಹೊರೆಯವರ ನಿದ್ದೆ ಒಂದು ಕಡೆ, ಲೈಸೆನ್ಸು ಇನ್ನೊಂದು ಕಡೆ. ಸಾರ್ವಜನಿಕ ಮನರಂಜನಾ ಸ್ಥಳಗಳಿಗೆ ಪೊಲೀಸ್ ಪರವಾನಗಿ ಬೇಕೆಂಬ 2005ರ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದಿತ್ತು. 2025ರ ಫೆಬ್ರವರಿಯಲ್ಲಿ ಚರ್ಚ್ ಸ್ಟ್ರೀಟಿನ ಫುಟ್‌ಪಾತಿನಲ್ಲಿ ಹಾಡುತ್ತಿದ್ದ ಇಂಗ್ಲಿಷ್ ಗಾಯಕ ಎಡ್ ಶೀರನ್ ಅವರ ಮೈಕಿನ ವೈರನ್ನು ಪೊಲೀಸರು ಕಿತ್ತ ವಿಡಿಯೊ ಜಗತ್ತೆಲ್ಲ ಓಡಾಡಿತು. ಅನುಮತಿ ಇತ್ತು ಎಂದು ಶೀರನ್, ಇರಲಿಲ್ಲ ಎಂದು ಪೊಲೀಸರು. ಮಗ ಅದನ್ನು ಫೋನಿನಲ್ಲಿ ತೋರಿಸಿದಾಗ ಮಾಮ, “ಐಸ್‌ಕ್ರೀಂ ಫ್ರೀಜರಿಗೆ ಬೇಕಿತ್ತೇನೋ” ಎಂದರಂತೆ.

ಅಂಗಡಿ ಈಗ ಮಗನ ಕೈಯಲ್ಲಿದೆ. ಎಲ್‌ಇಡಿ ಗೋಡೆ, ಸಾಲಾಗಿ ತೂಗುಹಾಕುವ ಸ್ಪೀಕರುಗಳು, ಟ್ಯಾಬ್‌ನಲ್ಲಿ ಒತ್ತಿ ನಡೆಸುವ ಮಿಕ್ಸರು, ಎಲ್ಲಕ್ಕೂ ಕಂತು ಕಟ್ಟಬೇಕು. ಚೈತ್ರ, ವೈಶಾಖ ರಾಮನವಮಿಯ ಕಾಲ, ಮದುವೆಯ ಕಾಲವೂ ಅದೇ. ಸಣ್ಣ ರಾಮೋತ್ಸವದವರು ಕೊಡುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಒಂದೇ ಸಂಜೆಗೆ ಮಂಟಪದವರು ಕೊಡುತ್ತಾರೆ. ನಾನು ಅಲ್ಲಿ ಕೂತಿದ್ದಾಗಲೇ ಬಸವನಗುಡಿಯ ಗಲ್ಲಿಯೊಂದರ ರಾಮೋತ್ಸವದವರು ಫೋನ್ ಮಾಡಿ ಬರುವ ವರ್ಷದ ಹತ್ತು ದಿನ ಕೇಳಿದರು. ಮಗ ಡೈರಿ ತಿರುವಿ ಅಪ್ಪನ ಮುಖ ನೋಡಿದ. ಮೂರು ದಿನ ಮಾತ್ರ ಖಾಲಿ ಇತ್ತು. ಉಳಿದ ಏಳು ದಿನಗಳ ಎದುರು ಬರೆದಿದ್ದದ್ದು ಮಂಟಪಗಳ ಹೆಸರು. ಮಾಮ ಫೋನು ಇಸಿದುಕೊಂಡು, “ಹಳೇ ಸೆಟ್ಟು ಇದೆ ಸ್ವಾಮಿ, ಎರಡು ಕಾಲಂ ಸ್ಪೀಕರು, ನಾಲ್ಕು ಮೈಕು. ಆಟೋ ಚಾರ್ಜು ಕೊಟ್ರೆ ಮಿಕ್ಕಿದ ಏಳು ದಿನ ನಾನೇ ತಂದು ಕೂರ್ತೀನಿ” ಎಂದರು. ಆ ಕಡೆಯವರು ಕಮಿಟಿಯಲ್ಲಿ ಕೇಳಿ ಹೇಳುತ್ತೇವೆ ಎಂದಿದ್ದಾರೆ.