ಸಂಜೆ 7ಕ್ಕೆ ಒಂದನೇ ಸ್ಥಾನ, ರಾತ್ರಿ 9ಕ್ಕೆ 71

2011ರ ಫೆಬ್ರವರಿ, ಒಂದು ಸಂಜೆ 7 ಗಂಟೆ. ಗೂಗಲ್‌ನಲ್ಲಿ ‘ಸ್ಯಾಮ್ಸೊನೈಟ್ ಕ್ಯಾರಿ ಆನ್ ಲಗೇಜ್’ ಎಂದು ಹುಡುಕಿದರೆ ಮೊದಲು ಕಾಣುತ್ತಿದ್ದದ್ದು ಅಮೆರಿಕದ ದೊಡ್ಡ ಅಂಗಡಿ ಜೆಸಿ ಪೆನ್ನಿ. 9 ಗಂಟೆಗೆ ನೋಡಿದರೆ 71ನೇ ಸ್ಥಾನ!

ಎರಡು ತಾಸಿನಲ್ಲಿ ಆಗಿದ್ದೇನು?

ಉಡುಪು, ಹಾಸಿಗೆ, ಪೀಠೋಪಕರಣ... ಏನು ಹುಡುಕಿದರೂ ತಿಂಗಳುಗಟ್ಟಲೆ ಇದೇ ಅಂಗಡಿ ಮೇಲೆ ಬರುತ್ತಿದ್ದದ್ದನ್ನು ಕಂಡು ನ್ಯೂಯಾರ್ಕ್ ಟೈಮ್ಸ್ ಕೆದಕಿತ್ತು. ಸಿಕ್ಕಿದ್ದು ಬೇರೆ ಸೈಟುಗಳಿಂದ ಅಂಗಡಿಯ ಸೈಟಿಗೆ ಕರೆತರುವ ರಾಶಿ ರಾಶಿ ಲಿಂಕು; ಅಂಥವು ಹೆಚ್ಚಿದ್ದರೆ ಗೂಗಲ್‌ನಲ್ಲಿ ಮೇಲೇರುವುದು ಸುಲಭ. ಜೂಜಿನ ಸೈಟು, ಬಲ್ಗೇರಿಯಾದ ಆಸ್ತಿ ಮಾರುವ ಸೈಟು... ಫ್ರಾಕಿಗೂ ಅವಕ್ಕೂ ಏನು ನಂಟು? ಗೂಗಲ್ ಅಂಗಡಿಯನ್ನು ಕೆಳಗೆ ತಳ್ಳಿತು. ಇವು ನಾವು ಹಾಕಿಸಿದ ಲಿಂಕುಗಳಲ್ಲ ಎಂದ ಅಂಗಡಿ, ಹುಡುಕಾಟದಲ್ಲಿ ಸೈಟನ್ನು ಮೇಲೆ ತರುವ ಕೆಲಸ ವಹಿಸಿದ್ದ ತನ್ನ ಎಸ್‌ಇಒ ಕಂಪನಿಯನ್ನು ಕೈಬಿಟ್ಟಿತು. ಪೆಟ್ಟು ಬಿದ್ದದ್ದು ಮಾತ್ರ ಅಂಗಡಿಗೇ.

ಹಾಗಾಗಿ ಎಸ್‌ಇಒ ಕಂಪನಿ ಆರಿಸುವವರು ಮೊದಲೇ ಕೇಳಬೇಕಾದ್ದು: ‘ಲಿಂಕು ಎಲ್ಲಿಂದ ತರ್ತೀರಿ?’ ಅದು ನಮ್ಮ ಗುಟ್ಟು ಎಂದರೆ ಅಲ್ಲಿಂದ ಎದ್ದು ಬರುವುದೇ ಲೇಸು. ‘ಒಂದನೇ ಸ್ಥಾನ ಗ್ಯಾರಂಟಿ’ ಎನ್ನುವವರಿಗೂ ಅದೇ ಉತ್ತರ. ಅಂಥ ಗ್ಯಾರಂಟಿ ಯಾರಿಂದಲೂ ಸಾಧ್ಯವಿಲ್ಲವೆಂದು ಗೂಗಲ್ಲೇ ಬರೆದಿಟ್ಟಿದೆ. ಎಸ್‌ಇಒ ಕೆಲಸದ ಫಲ ಕಾಣಲು ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಬೇಕಂತೆ.

ಇನ್ನು ಕಂಪನಿ ಕೇಳುವ ಸರ್ಚ್ ಕನ್ಸೋಲ್. ಯಾವ ಪದ ಹುಡುಕಿ ಎಷ್ಟು ಜನ ಸೈಟಿಗೆ ಬಂದರೆಂದು ತೋರಿಸುವ ಗೂಗಲ್‌ನ ಉಚಿತ ಸೌಲಭ್ಯ. ಅದರ ಖಾತೆ ಸೈಟಿನ ಮಾಲೀಕರ ಹೆಸರಿನಲ್ಲೇ ಇರಬೇಕು. ಮೊದಲ ತಪಾಸಣೆಗೆ ಬಂದ ಕಂಪನಿಗೆ ನೋಡುವ ಅನುಮತಿಯಷ್ಟೇ ಸಾಕು, ಬೀಗದ ಕೈ ಗೊಂಚಲೇ ಬೇಡ. ಕನ್ಸೋಲ್‌ನ ಸೆಟ್ಟಿಂಗ್ಸ್‌ನಲ್ಲಿ ‘ಯೂಸರ್ಸ್ ಅಂಡ್ ಪರ್ಮಿಷನ್ಸ್’ ಒತ್ತಿದರೆ ಈಗ ಯಾರ್‍ಯಾರ ಕೈಯಲ್ಲಿ ಕೀಲಿ ಇದೆ ಎಂಬುದು ಹೆಸರು ಸಮೇತ ಕಾಣುತ್ತದೆ.